ಮನ್‌ದೀಪ್ ಗೋಲು ಹೊಡೆಯದಿದ್ದರೆ ಲೆಕ್ಕ ಕೇಳಬೇಕಾದದ್ದು ಯಾರನ್ನು?

ಕದ್ರಿ ಗುಡ್ಡೆ:
ರಾಜಗಿರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಭಾರತ ಹಾಕಿ ಏಷ್ಯಾ ಕಪ್ ಗೆದ್ದದ್ದಾಯಿತು, 2026ರ ವಿಶ್ವಕಪ್‌ಗೆ ಅರ್ಹತೆಯೂ ಸಿಕ್ಕಿತು. ಪಟಾಕಿ ಹೊಡೆದು ಮುಗಿದಿದ್ದರೆ ನನ್ನದೊಂದು ಲೆಕ್ಕ ಕೇಳಿ. ಬೈಯುವವರು ಪೂರ್ತಿ ಓದಿದ ಮೇಲೆ ಬೈಯಿರಿ.

ಪ್ಯಾರಿಸ್ ಒಲಿಂಪಿಕ್ಸ್‌ನ 8 ಪಂದ್ಯಗಳಲ್ಲಿ ಭಾರತ ಹೊಡೆದದ್ದು 15 ಗೋಲು. ಅದರಲ್ಲಿ 10 ಹರ್ಮನ್‌ಪ್ರೀತ್ ಒಬ್ಬನದೇ, ಅವನೋ ಹಿಂದೆ ನಿಂತು ತಡೆಯುವ ಡಿಫೆಂಡರ್. ಮನ್‌ದೀಪ್, ಅಭಿಷೇಕ್, ಸುಖ್‌ಜೀತ್, ಲಲಿತ್, ಗುರ್ಜಂತ್ ಎಂದು ಗೋಲು ಹೊಡೆಯಲು ಮುಂದೆ ಆಡುವ ಐವರು ಫಾರ್ವರ್ಡ್‌ಗಳಿದ್ದರು. ಐವರೂ ಸೇರಿ ಹೊಡೆದದ್ದು 4. ಅವರಲ್ಲಿ ಹೆಚ್ಚು ಅನುಭವಿ, ಹೆಸರುವಾಸಿ ಮನ್‌ದೀಪ್. ಅವನ ಪಾಲಿಗೆ 1, ನ್ಯೂಜಿಲೆಂಡ್ ವಿರುದ್ಧದ ಮೊದಲ ಪಂದ್ಯದಲ್ಲಿ. ಆಮೇಲೆ ಏಳು ಪಂದ್ಯ ಸೊನ್ನೆ. ಟೋಕಿಯೊದಲ್ಲೂ 1 ಮಾತ್ರ, ಬೆಲ್ಜಿಯಂಗೆ 2-5ರಿಂದ ಸೋತ ಸೆಮಿಫೈನಲ್‌ನಲ್ಲಿ. ಎರಡು ಒಲಿಂಪಿಕ್ಸ್‌ಗೆ ಎರಡು ಗೋಲು.

ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೊಡೆದಿದ್ದಾನಲ್ಲ ಎನ್ನುತ್ತೀರಿ. ಹೊಡೆದಿದ್ದಾನೆ. ಉಜ್ಬೇಕಿಸ್ತಾನವನ್ನು 16-0ರಿಂದ ಬಡಿದಾಗ ಹ್ಯಾಟ್ರಿಕ್, ಸಿಂಗಪುರವನ್ನು 16-1ರಿಂದ ಬಡಿದಾಗ ಇನ್ನೊಂದು ಹ್ಯಾಟ್ರಿಕ್. ಆ ಗೋಲುಗಳನ್ನು ತಕ್ಕಡಿಯ ಯಾವ ತಟ್ಟೆಯಲ್ಲಿ ಇಡೋಣ ಹೇಳಿ. 2023ರ ವಿಶ್ವಕಪ್‌ನಲ್ಲಿ ನಮ್ಮದೇ ನೆಲದಲ್ಲಿ ಕ್ವಾರ್ಟರ್ ಫೈನಲ್ ಕೂಡ ಕಾಣಲಿಲ್ಲ. ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟು ಹೋದರು. ಆಟಗಾರರಲ್ಲಿ ಯಾರು ಉತ್ತರ ಕೊಟ್ಟರು?

ಸಂಪಾಜೆ ಘಾಟಿ:
ಸ್ವಾಮಿ, ಕೂಡಿಸಿದ್ದು ಸರಿ ಇದೆ. ಆದರೆ ನೀವು ತೆರೆದು ಕುಳಿತ ಪುಸ್ತಕದಲ್ಲಿ ಅರ್ಧ ಹಾಳೆಗಳೇ ಇಲ್ಲ.

ನಾನು ಸೋಮವಾರಪೇಟೆ ಕಡೆಯವನು, ಹೊಟ್ಟೆಪಾಡಿಗೆ ಮಂಗಳೂರಿನಲ್ಲಿದ್ದೇನೆ. ನಮ್ಮೂರಿನ ಎಸ್.ವಿ. ಸುನಿಲ್ 264 ಅಂತಾರಾಷ್ಟ್ರೀಯ ಪಂದ್ಯ ಆಡಿ 72 ಗೋಲು ಹೊಡೆದರು. ಭಾಗಿಸಿ ನೋಡಿದರೆ ಮೂರು ನಾಲ್ಕು ಪಂದ್ಯಕ್ಕೆ ಒಂದು. ನಿಮ್ಮ ಅಳತೆಗೋಲು ಹಿಡಿದರೆ ಅವರೂ ಬೆಂಚಿನಲ್ಲೇ ಕೂರಬೇಕಿತ್ತು. ಅವರು ಬಲಗಡೆಯಿಂದ ಚೆಂಡು ಹಿಡಿದು ಓಡಿದರೆ ಎದುರಾಳಿ ಡಿಫೆಂಡರ್‌ಗೆ ಎರಡೇ ದಾರಿ: ಒಂದೋ ಬಿಟ್ಟುಕೊಡಬೇಕು, ಇಲ್ಲವೇ ಗೋಲಿನ ಮುಂದಿನ ಸರ್ಕಲ್‌ನ ಒಳಗೆ ಕಾಲು ಅಡ್ಡ ಕೊಡಬೇಕು. ಕಾಲಿಗೆ ತಗುಲಿದರೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನ ಗೆರೆಯಿಂದ ತಳ್ಳಿಕೊಟ್ಟ ಚೆಂಡನ್ನು ಗೋಲಿಗೆ ಹೊಡೆಯುವ ಅವಕಾಶ. ಅದನ್ನು ಸ್ಟಿಕ್‌ನಿಂದ ಎಳೆದು ಎಸೆದು ಡ್ರ್ಯಾಗ್‌ಫ್ಲಿಕ್ ಮಾಡಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಗಳಿಸಿಕೊಟ್ಟವನದು ಬರುವುದಿಲ್ಲ. ಹರ್ಮನ್‌ಪ್ರೀತ್‌ನ 10 ಗೋಲುಗಳೂ ಪೆನಾಲ್ಟಿ ಕಾರ್ನರ್ ಮತ್ತು ಸ್ಟ್ರೋಕ್‌ನಿಂದ (ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ) ಬಂದವು. ಅವು ಆಕಾಶದಿಂದ ಉದುರಿದವೇ?

ಮಲ್ಪೆ ದಕ್ಕೆ:
ಪೆನಾಲ್ಟಿ ಕಾರ್ನರ್ ಗಳಿಸಿಕೊಡುವುದೇ ಫಾರ್ವರ್ಡ್‌ನ ಕೆಲಸವಾದರೆ ಅವನಿಗೆ ಸ್ಟಿಕ್ ಯಾಕೆ ಮಾರಾಯರೇ? ಡಿಫೆಂಡರ್‌ನ ಕಾಲು ಹುಡುಕಲು ಒಂದು ಕೋಲು ಸಾಕು.

ಪ್ಯಾರಿಸ್‌ನಲ್ಲಿ ಜರ್ಮನಿ ವಿರುದ್ಧದ ಸೆಮಿಫೈನಲ್ ರಾತ್ರಿ ಹತ್ತೂವರೆಗೆ. ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ದಿನಗಳು. ಐಸ್ ತುಂಬಿಸುವವರು, ಬಲೆ ಹೇರುವವರು ಎಲ್ಲ ಒಂದು ಮೊಬೈಲ್‌ಗೆ ಮುಖ ಕೊಟ್ಟು ನಿಂತಿದ್ದೆವು. 54ನೇ ನಿಮಿಷದಲ್ಲಿ ಜರ್ಮನಿ ಮೂರನೆಯದನ್ನು ಹೊಡೆಯಿತು. ಆಮೇಲೆ ನಮಗೆ ಒಂದೇ ಒಂದು ಫೀಲ್ಡ್ ಗೋಲು (ಕಾರ್ನರ್, ಸ್ಟ್ರೋಕ್ ಇಲ್ಲದೆ ಆಟದ ನಡುವೆ ಹೊಡೆದದ್ದು) ಸಾಕಿತ್ತು. ಒಂದೇ ಒಂದು. ಅಲ್ಲಿ ಬೇಕಾದದ್ದು ಫಾರ್ವರ್ಡ್ ತಾನೇ?

ಮಣಿಪಾಲ ಫಿಸಿಯೋ:
ಆ ಸೆಮಿಫೈನಲ್‌ಗೆ ಎರಡು ದಿನ ಮೊದಲು ಏನಾಗಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1ರಲ್ಲಿ ಹಿಡಿದಿಟ್ಟು ಶೂಟೌಟ್‌ನಲ್ಲಿ ಗೆದ್ದರು. ಹತ್ತು ಜನ ಆಡುವಾಗ ಫಾರ್ವರ್ಡ್ ಎಂಬ ಹುದ್ದೆ ಹೆಸರಿಗೆ ಮಾತ್ರ. ತಮ್ಮ ಅರ್ಧಕ್ಕೆ ಇಳಿದು, ಓಡಿ, ತಡೆದು, ಮತ್ತೆ ಓಡುವ ಕೂಲಿ ಕೆಲಸ. ಆ ಪಂದ್ಯದಲ್ಲಿ ಫಾರ್ವರ್ಡ್ ಗೋಲು ಹೊಡೆಯಲಿಲ್ಲ ಎಂದು ದೂರುವುದು ಅನ್ಯಾಯ.

ಇನ್ನೊಂದು. ಈಗಿನ ಹಾಕಿಯಲ್ಲಿ ಫಾರ್ವರ್ಡ್‌ಗಳು ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿ ಬೆಂಚಿಗೆ ಬರುತ್ತಾರೆ, ಉಸಿರು ಸುಧಾರಿಸಿಕೊಂಡು ಮತ್ತೆ ಇಳಿಯುತ್ತಾರೆ. ಬದಲಿಗೆ ಮಿತಿಯಿಲ್ಲ. ಬಲಿಷ್ಠ ತಂಡದ ಎದುರು ಹಾಗೆ ಇಳಿದಾಗಲೆಲ್ಲ ಅವಕಾಶ ಸಿಗುವುದಿಲ್ಲ, ಇಡೀ ಪಂದ್ಯಕ್ಕೆ ಒಂದೋ ಎರಡೋ ಸಿಕ್ಕರೆ ಪುಣ್ಯ. ಎಂಟು ಪಂದ್ಯದಲ್ಲಿ ಒಂದು ಗೋಲು ಎಂಬುದು ಫಾರ್ಮ್ ಹೋದದ್ದೋ ಅದೃಷ್ಟ ಕೈಕೊಟ್ಟದ್ದೋ ಎಂದು ಅಷ್ಟರಿಂದಲೇ ಹೇಳಲು ನನಗಂತೂ ಧೈರ್ಯವಿಲ್ಲ.

ಕದ್ರಿ ಗುಡ್ಡೆ:
ಫಿಸಿಯೋ ಅವರೇ, ಒಂದು ಒಲಿಂಪಿಕ್ಸ್ ಆದರೆ ಅದೃಷ್ಟ. ಎರಡಾದರೆ? ಅಭಿಷೇಕ್‌ಗೂ ಅದೇ ಬೆಂಚು, ಅದೇ ನಿಮಿಷಗಳು. ಅವನು ಬೆಲ್ಜಿಯಂ ಮೇಲೊಂದು, ಆಸ್ಟ್ರೇಲಿಯಾ ಮೇಲೊಂದು ಹೊಡೆದ. 1972ರ ಬಳಿಕ ಮೊದಲ ಸಲ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ ಪಂದ್ಯದಲ್ಲಿ ಖಾತೆ ತೆರೆದವನೇ ಅವನು. ಕಾಲು ಹುಡುಕುತ್ತ ನಿಲ್ಲಲಿಲ್ಲ.

ಉಡುಪಿ ಪಿ.ಟಿ. ಟೀಚರ್:
ನೀವೆಲ್ಲ ‘ಉತ್ತರ ಕೊಡಬೇಕು’ ಎನ್ನುತ್ತಿದ್ದೀರಿ. ಯಾರಿಗೆ, ಯಾವ ರೀತಿಯಲ್ಲಿ ಎಂದು ಒಬ್ಬರೂ ಹೇಳಲಿಲ್ಲ. ನಮ್ಮ ದೇಶದಲ್ಲಿ ಆಟಗಾರರ ಲೆಕ್ಕ ಕೇಳುವುದು ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಟೋಕಿಯೊದಲ್ಲಿ ಮಹಿಳಾ ತಂಡದ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ ಅವರು. ಕೆಲವೇ ದಿನಗಳಲ್ಲಿ ತಂಡ ಅರ್ಜೆಂಟೀನಾಗೆ ಸೆಮಿಫೈನಲ್ ಸೋತಿತು. ಹರಿದ್ವಾರದ ಬಳಿಯ ಅವರ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು, ಜಾತಿ ಹಿಡಿದು ಬೈದರು. ವಂದನಾ ಅದನ್ನೆಲ್ಲ ಕೇಳಿಸಿಕೊಂಡೂ ಕಂಚಿನ ಪಂದ್ಯಕ್ಕೆ ಇಳಿದು ಬ್ರಿಟನ್ ವಿರುದ್ಧ ಮತ್ತೊಂದು ಗೋಲು ಹೊಡೆದರು. 3-4ರಲ್ಲಿ ಪದಕ ತಪ್ಪಿತು, ಆ ಮಾತು ಬೇರೆ. ನೀವು ಹಾಗೆ ಬೈಯುತ್ತಿದ್ದೀರಿ ಎನ್ನುತ್ತಿಲ್ಲ, ಕದ್ರಿಯವರೇ. ಆದರೆ ಆಟಗಾರನ ಹೆಸರಿಟ್ಟು ಶುರುವಾದ ಲೆಕ್ಕ ಇಲ್ಲಿ ಬಹಳ ಬೇಗ ಅವನ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಕೇಳುವಾಗ ಆಯ್ಕೆ ಮಾಡಿದವರನ್ನು ಕೇಳಿ, ಆಡಿದವನನ್ನು ಆಮೇಲೆ.

ಬೋಳಾರ ಹಳಬ:
ಟೀಚರ್ ಹೇಳಿದ್ದು ನೂರಕ್ಕೆ ನೂರು. ಭಾಗವತರು ತಾಳ ತಪ್ಪಿದರೆ ವೇಷಧಾರಿಯನ್ನು ಬೈಯುವವರು ನಾವು. ತಾಳ ಹಾಕುವವನು ಇಲ್ಲಿ ಕೋಚ್. ಕ್ರೇಗ್ ಫುಲ್ಟನ್ ಬಂದ ದಿನದಿಂದ ಮೊದಲು ಕೋಟೆ ಕಾಯಿರಿ, ಗೆಲುವು ತಾನಾಗಿ ಬರುತ್ತದೆ ಎಂಬ ಪಾಠ. ಕೋಟೆ ಕಾಯುವ ಪಾಠ ಕಲಿಸಿ ಯಾಕೆ ನುಗ್ಗಲಿಲ್ಲ ಎಂದರೆ ಹೇಗೆ?

ಮಲ್ಪೆ ದಕ್ಕೆ:
ಹಳಬರೇ, ಕೋಟೆ ಕಾದದ್ದಾದರೂ ಎಲ್ಲಿ? 2025ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಟೂರ್ನಿ ಪ್ರೊ ಲೀಗ್‌ನ ಯುರೋಪ್ ಸುತ್ತಿನಲ್ಲಿ ಸತತ 7 ಸೋಲು. ಒಂಬತ್ತು ತಂಡಗಳಲ್ಲಿ ಎಂಟನೆಯವರಾಗಿ ಉಳಿದೆವು. ತಾಳವೂ ತಪ್ಪಿತ್ತು, ವೇಷವೂ ಕಳಚಿತ್ತು.

ಸಂಪಾಜೆ ಘಾಟಿ:
2024ರಲ್ಲಿ ನಾಪೋಕ್ಲುವಿನ ಕೊಡವ ಹಾಕಿ ಹಬ್ಬಕ್ಕೆ ಹೋದವರು ಇಲ್ಲಿ ಯಾರಾದರೂ ಇದ್ದೀರಾ? 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು ಆ ವರ್ಷ 360 ತಂಡಗಳಿಗೆ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ನಾನು ಗೋಲ್‌ಪೋಸ್ಟಿನ ಹಿಂದೆ ಕುಳಿತಿದ್ದೆ. ಟಿವಿಯಲ್ಲಿ ಕಾಣದ್ದು ಅಲ್ಲಿಂದ ಕಾಣುತ್ತದೆ.

ಒಂದು ತಂಡದ ಫಾರ್ವರ್ಡ್ ಸರ್ಕಲ್‌ನ ಅಂಚಿನಲ್ಲಿ ನಿಂತಿದ್ದ, ಸ್ಟಿಕ್ ನೆಲಕ್ಕೆ ತಾಗಿಸಿ. ಎಡಗಡೆಯಿಂದ ಚೆಂಡು ಬರುತ್ತಿದ್ದ ಹಾಗೆ ತನ್ನ ಬೆನ್ನಿಗಂಟಿದ್ದ ಡಿಫೆಂಡರ್‌ನನ್ನು ಎಳೆದುಕೊಂಡು ಹತ್ತಿರದ ಕಂಬದ ಕಡೆ ಓಡಿದ. ಚೆಂಡನ್ನು ಮುಟ್ಟಲಿಲ್ಲ, ಮುಟ್ಟುವ ಹಾಗೆ ಸ್ಟಿಕ್ ಚಾಚಿದ ಅಷ್ಟೇ. ಗೋಲ್‌ಕೀಪರ್‌ನ ತೂಕ ಆ ಕಡೆಗೆ ವಾಲಿತು. ಚೆಂಡು ಹಿಂದಿನಿಂದ ಬಂದ ಹುಡುಗನಿಗೆ ಸಿಕ್ಕಿತು, ಗೋಲಿನ ಬೋರ್ಡು ‘ಧಡ್’ ಎಂದಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಆ ಫಾರ್ವರ್ಡ್‌ಗೆ ಕೂಗಿ ಬೈದರು: ಚೆಂಡು ಬಿಟ್ಟುಬಿಟ್ಟನಲ್ಲ! ಮನ್‌ದೀಪ್ ಹತ್ತಿರದ ಕಂಬದ ಆಟಗಾರ. ಅವನ ಅರ್ಧ ಕೆಲಸ ಇದೇ ಜಾತಿಯದು.

ಕದ್ರಿ ಗುಡ್ಡೆ:
ಕಥೆ ಚೆನ್ನಾಗಿದೆ, ನಂಬುತ್ತೇನೆ. ಆದರೆ ಅದೇ ನನ್ನ ತಕರಾರಿಗೆ ಬಲ ಕೊಡುತ್ತದೆ. ಆ ಓಟವನ್ನು ಬರೆದಿಟ್ಟವರು ಯಾರು? ಪಂದ್ಯದ ಹಾಳೆಯಲ್ಲಿ ಗೋಲಿನ ನಿಮಿಷ, ಹೊಡೆದವನ ಹೆಸರು, ಕಾರ್ಡಿನ ಬಣ್ಣ ಇರುತ್ತದೆ. ಪೆನಾಲ್ಟಿ ಕಾರ್ನರ್ ಗಳಿಸಿದವನು, ಚೆಂಡು ಕಸಿದವನು, ಡಿಫೆಂಡರ್‌ನನ್ನು ಎಳೆದೊಯ್ದವನು ಯಾರೂ ಇರುವುದಿಲ್ಲ. ತಂಡದ ವಿಡಿಯೊ ವಿಶ್ಲೇಷಕರ ಬಳಿ ಇದೆಲ್ಲ ಖಂಡಿತ ಇರುತ್ತದೆ. ಅವರು ಬಾಯಿ ಬಿಡುವುದಿಲ್ಲ. ಹಾಗಾಗಿ ಮನ್‌ದೀಪ್‌ನನ್ನು ಬೈಯುವವನ ಕೈಯಲ್ಲಿ ಗೋಲಿನ ಲೆಕ್ಕ ಮಾತ್ರ, ಸಮರ್ಥಿಸುವವನ ಕೈಯಲ್ಲಿ ನಾಪೋಕ್ಲುವಿನ ಕಥೆ ಮಾತ್ರ. ತಂಡ ಪ್ರಕಟಿಸುವಾಗ ಹದಿನೆಂಟು ಹೆಸರು, ಕೋಚ್‌ನ ಎರಡು ಒಳ್ಳೆಯ ಮಾತು, ಮುಗಿಯಿತು. ಮೂವತ್ತು ದಾಟಿದ ಫಾರ್ವರ್ಡ್‌ನನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ ಎಂದು ಒಂದು ವಾಕ್ಯ ಹೇಳಿದರೆ ಅವರ ಗಂಟು ಹೋಗುತ್ತದೆಯೇ? ಗೋಲಿಗಾಗಿ ಎಂದರೆ ಗೋಲು ಎಣಿಸುತ್ತೇವೆ. ಪ್ರೆಸ್ಸಿಂಗ್‌ಗಾಗಿ ಎಂದರೆ ಕಸಿದ ಚೆಂಡು ಎಣಿಸುತ್ತೇವೆ.

ಮಣಿಪಾಲ ಫಿಸಿಯೋ:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಓಟದ ಅಂಕಿಅಂಶ, ಗಾಯದ ವಿವರ ಬೀದಿಗೆ ಬರಬಾರದು. ಎದುರಾಳಿಯೂ ಓದುತ್ತಾನೆ.

ಉಡುಪಿ ಪಿ.ಟಿ. ಟೀಚರ್:
ಹರ್ಮನ್‌ಪ್ರೀತ್ ಹಿಂದೆ ಎಡವಿದ ವಿಷಯವನ್ನು ಯಾರೂ ಎತ್ತಲಿಲ್ಲ, ಆಶ್ಚರ್ಯ. 2023ರ ವಿಶ್ವಕಪ್‌ನಲ್ಲಿ ನಾಯಕ ಅವರೇ. ಅವರ ಫ್ಲಿಕ್‌ಗಳು ಒಂದರ ಹಿಂದೆ ಒಂದು ತಪ್ಪಿದವು, ಇಂಗ್ಲೆಂಡ್ ವಿರುದ್ಧ 0-0, ಕೊನೆಗೆ ನ್ಯೂಜಿಲೆಂಡ್ ಎದುರು ಶೂಟೌಟ್‌ನಲ್ಲಿ ಮನೆಗೆ. ಅಂದು ಇದೇ ಮಾತು: ತೆಗೆಯಿರಿ, ನಾಯಕತ್ವ ಕಿತ್ತುಕೊಳ್ಳಿ. ತೆಗೆಯಲಿಲ್ಲ. ಮುಂದಿನ ವರ್ಷ ಪ್ಯಾರಿಸ್‌ನಲ್ಲಿ 10 ಗೋಲು, ಸ್ಪೇನ್ ವಿರುದ್ಧದ ಕಂಚಿನ ಪಂದ್ಯದ ಎರಡೂ ಗೋಲು ಅವರವೇ. ಅಂದು ನಮ್ಮ ಕೈಯಲ್ಲಿ ಆಯ್ಕೆ ಇದ್ದಿದ್ದರೆ ಆ ಪದಕ ಇರುತ್ತಿತ್ತೇ?

ಮಲ್ಪೆ ದಕ್ಕೆ:
ಟೀಚರ್, ಡ್ರ್ಯಾಗ್‌ಫ್ಲಿಕ್ ಹೊಡೆಯುವವನು ಬೇರೆ, ಫಾರ್ವರ್ಡ್ ಬೇರೆ. ಹರ್ಮನ್‌ಪ್ರೀತ್‌ಗೆ ಬದಲಿ ಸಿಗುವುದು ಕಷ್ಟ. ಫಾರ್ವರ್ಡ್‌ಗೆ ಬದಲಿ ರಾಜಗಿರ್ ಫೈನಲ್‌ನಲ್ಲೇ ಕಾಣಿಸಿದ: ದಿಲ್‌ಪ್ರೀತ್, ಎರಡು ಗೋಲು. ಮೊದಲ ನಿಮಿಷದಲ್ಲೇ ಹೊಡೆದದ್ದು ಸುಖ್‌ಜೀತ್. ಇವರಿಗೆ ಹೆಚ್ಚು ನಿಮಿಷ ಕೊಡಿ ಎಂದರೆ ಮನ್‌ದೀಪ್‌ಗೆ ಅವಮಾನ ಹೇಗಾಗುತ್ತದೆ?

ಸಂಪಾಜೆ ಘಾಟಿ:
ಅದೇ ರಾಜಗಿರ್‌ನಲ್ಲಿ, ಅದೇ ಕೊರಿಯಾ ವಿರುದ್ಧ, ಸೂಪರ್ ಫೋರ್ (ಫೈನಲ್‌ಗೆ ಮೊದಲಿನ ನಾಲ್ಕು ತಂಡಗಳ ಸುತ್ತು) ಪಂದ್ಯದಲ್ಲಿ ಕೊನೆಯ ಕ್ವಾರ್ಟರ್‌ವರೆಗೆ 1-2ರಿಂದ ಹಿಂದಿದ್ದೆವು. ಸಮ ಮಾಡಿದ ಗೋಲು ಯಾರದು ಎಂದು ನೀವಿಬ್ಬರೂ ಜಾಣತನದಿಂದ ಬಿಟ್ಟಿದ್ದೀರಿ. ಮನ್‌ದೀಪ್.

ಕದ್ರಿ ಗುಡ್ಡೆ:
ಬಿಟ್ಟದ್ದು ಜಾಣತನದಿಂದಲ್ಲ, ಆ ಗೋಲು ಏಷ್ಯಾದ ಮೈದಾನದ್ದು ಎಂಬ ಕಾರಣಕ್ಕೆ. ನನ್ನ ಪ್ರಶ್ನೆ ಇರುವುದು ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಎದುರು. ವಿಶ್ವಕಪ್ ನಡೆಯುವುದೂ ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲೇ. ಅವನನ್ನು ಕರೆದೊಯ್ಯಲಿ, ಬೇಡ ಎನ್ನುವುದಿಲ್ಲ. ಆದರೆ ಯುರೋಪಿನ ತಂಡಗಳ ಎದುರು ಅವನಿಗೂ ದಿಲ್‌ಪ್ರೀತ್‌ಗೂ ಸಮ ನಿಮಿಷ ಕೊಟ್ಟು ನೋಡಿ, ಆಮೇಲೆ ಹೆಸರು ಬರೆಯಲಿ. ಹಳೆಯ ಸೇವೆ ನೋಡಿ ಬರೆಯುವುದು ಬೇಡ.

ಸಂಪಾಜೆ ಘಾಟಿ:
ಸಮ ನಿಮಿಷ ಎಂಬುದಕ್ಕೆ ಒಪ್ಪಿದೆ. ಗೋಲು ಮಾತ್ರ ಎಣಿಸುತ್ತೇನೆ ಎಂದರೆ ಒಪ್ಪುವುದಿಲ್ಲ. ಮುಂದಿನ ಪಂದ್ಯಕ್ಕೆ ನಾನೊಂದು ನೋಟ್‌ಬುಕ್ ಇಟ್ಟುಕೊಂಡು ಕೂರುತ್ತೇನೆ, ಪೆನಾಲ್ಟಿ ಕಾರ್ನರ್ ಗಳಿಸಿದವರ ಹೆಸರು ಒಂದೊಂದೇ ಬರೆಯುತ್ತೇನೆ. ದಕ್ಕೆಯವರು ಗೋಲು ಬರೆದುಕೊಳ್ಳಲಿ.

ಮಲ್ಪೆ ದಕ್ಕೆ:
ಬರೆಯುತ್ತೇನೆ. ನನ್ನದಕ್ಕೆ ಸಣ್ಣ ಚೀಟಿ ಸಾಕು.