ಪದಚರ್ಚೆ: ಐಸ್‌ಲ್ಯಾಂಡ್ ಕುದುರೆಯ ‘ಟೊಲ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಐಸ್‌ಲ್ಯಾಂಡಿನ ಕುದುರೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಡೆ ಗಾಡಿ ನಿಂತುಬಿಟ್ಟಿದೆ.

ಮೊದಲನೆಯದು ಟೊಲ್ಟ್ ಎಂಬ ನಡೆ. ಹೆಚ್ಚಿನ ಕುದುರೆಗಳಿಗೆ ನಡಿಗೆ, ಕುಕ್ಕುಲೋಟ, ನಾಗಾಲೋಟ, ಇಷ್ಟೇ. ಐಸ್‌ಲ್ಯಾಂಡಿನವಕ್ಕೆ ನಾಲ್ಕನೆಯದಾಗಿ ಟೊಲ್ಟ್ ಹುಟ್ಟಿನಿಂದಲೇ ಬರುತ್ತದೆ. ಕೆಲವಕ್ಕೆ ಸ್ಕೇಯ್ದ್ ಎಂಬ ಐದನೆಯದೂ ಇದೆ. ಟೊಲ್ಟ್‌ನಲ್ಲಿ ಕಾಲು ಬೀಳುವ ಕ್ರಮ ನಡಿಗೆಯದ್ದೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಎಷ್ಟೇ ಜೋರಾಗಿ ಹೋದರೂ ಒಂದು ಕಾಲಾದರೂ ನೆಲದ ಮೇಲಿರುತ್ತದೆ. ಹಾಗಾಗಿ ಸವಾರನ ಸೊಂಟ ಕುಕ್ಕುವುದಿಲ್ಲ. ತುಂಬಿದ ಬಿಯರ್ ಮಗ್ ಒಂದು ಕೈಯಲ್ಲಿ ಹಿಡಿದು, ಚೆಲ್ಲದೆ ಓಡಿಸುವ ಪಂದ್ಯವೇ ಇದೆ! ಒಂದು ವಿಡಿಯೋ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಕುಕ್ಕುಲೋಟದ ಟಕ್, ಟಕ್ ಅಲ್ಲ. ಟಕಟಕ ಟಕಟಕ, ನಾಲ್ಕೂ ಒಂದೇ ಸಮ.

‘ಬಿರುನಡೆ’ ಎಂದು ಬರೆದೆ. ಮರುದಿನ ಹೊಡೆದುಹಾಕಿದೆ. ಸ್ಪರ್ಧೆಗಳಲ್ಲಿ ನಿಧಾನದ ಟೊಲ್ಟನ್ನೂ ತೋರಿಸಬೇಕು. ‘ನಿಧಾನ ಬಿರುನಡೆ’ ಅಂದರೆ ನಗುತ್ತಾರೆ, ಅಲ್ವಾ? ಅಮರಕೋಶದಲ್ಲಿ ಕುದುರೆಯ ಐದು ಗತಿಗಳಿವೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಇವನ್ನು ಹಾಕಿದರೆ ಕುದುರೆಗಿಂತ ಮೊದಲು ಓದುಗರೇ ಓಡುತ್ತಾರೆ. ಮಾರ್ವಾರಿ ಕುದುರೆಗಳ ಇಂಥದ್ದೇ ಮೆತ್ತನೆಯ ನಡೆಗೆ ರಾಜಸ್ಥಾನದ ಕಡೆ ‘ರೇವಾಲ್’ ಅನ್ನುತ್ತಾರೆ. ಅದನ್ನೇ ಎರವಲು ತರಬಹುದೇ?

ಸ್ಕೇಯ್ದ್‌ಗೆ ಮಾತ್ರ ಒಂದು ಪದ ಹೊಳೆದಿದೆ. ಅದರಲ್ಲಿ ಒಂದೇ ಪಕ್ಕದ ಎರಡೂ ಕಾಲು ಒಟ್ಟಿಗೆ ಹೋಗುತ್ತವೆ, ಒಂಟೆಯ ಹಾಗೆ. ನಾಗಾಲೋಟದಲ್ಲಿರುವುದು ನಾಗರಹಾವಲ್ಲ, ನಾಲ್ಕು ಕಾಲು. ಅದೇ ದಾರಿಯಲ್ಲಿ ‘ಪಕ್ಕಗಾಲೋಟ’ ಆಗಬಹುದಲ್ಲ?

ಎರಡನೆಯದು ಪಳಗಿಸುವ ಮಾತು. ಐಸ್‌ಲ್ಯಾಂಡಿನವರು ‘ತಮ್ನಿಂಗ್’ ಅನ್ನುತ್ತಾರೆ, ಅಂದರೆ ಪಳಗಿಸುವುದೇ. ನಮಗೆ ಪಳಗಿಸುವುದು ಎಂದರೆ ದುಬಾರೆಯ ಆನೆ ಕಣ್ಣಿಗೆ ಬರುತ್ತದೆ. ಆದರೆ ಐಸ್‌ಲ್ಯಾಂಡಿನಲ್ಲಿ ಕುದುರೆಮರಿಗಳು ಗುಂಪಿನಲ್ಲಿ ಬಯಲಲ್ಲೇ ಬೆಳೆಯುತ್ತವೆ. ಸುಮಾರು 4 ವರ್ಷವಾದ ಮೇಲೆಯೇ ಬೆನ್ನ ಮೇಲೆ ಸವಾರ. ಟೊಲ್ಟನ್ನು ‘ಕಲಿಸು’ ಅನ್ನುವುದೂ ಸರಿಯಲ್ಲ. ಅದು ರಕ್ತದಲ್ಲೇ ಇದೆ. ಡಿಎಂಆರ್‌ಟಿ3 ಎಂಬ ಜೀನಿನ ಪಾತ್ರ 2012ರಲ್ಲಿ ಗೊತ್ತಾಯಿತು. ತಾಯಿಯ ಪಕ್ಕ ಓಡುವ ಮರಿಯೇ ಟೊಲ್ಟ್ ಹಾಕುವುದುಂಟು. ತರಬೇತುದಾರ ಮಾಡುವುದು ಒಂದು ನಡೆ ಇನ್ನೊಂದರ ಜೊತೆ ಕಲಸಿಹೋಗದಂತೆ ಬಿಡಿಸುವ ಕೆಲಸ. ನಾನು ‘ಹದ ಮಾಡು’ ಎಂದು ಹಾಕಿದ್ದೇನೆ.

ಮೂರನೆಯದು, ಸ್ವಭಾವದ ಬಗ್ಗೆಯೂ ತಕರಾರಿದೆ. ‘ಸಾಧು’ ಎಂದು ಬರೆದರೆ ಹಸು ನೆನಪಾಗುತ್ತದೆ. ಅವರು ಮೆಚ್ಚುವುದು ‘ವಿಲ್ಯಿ’. ಬಡಿಯದೆ, ಒದೆಯದೆ ತಾನಾಗಿ ಮುಂದೆ ಹೋಗುವ ಮನಸ್ಸು; ಆದರೆ ಹಿಡಿದರೆ ನಿಲ್ಲಬೇಕು. ‘ಪೊಗರು’ ಜಾಸ್ತಿಯಾಯಿತು, ‘ಹುರುಪು’ ಸಪ್ಪೆ. ಉತ್ತರ ಕರ್ನಾಟಕದ ‘ಉಮೇದು’ ಸರಿಹೊಂದೀತು ಅನ್ನಿಸುತ್ತದೆ. ಆ ಕಡೆಯವರು ಹೇಳಿ: ಎತ್ತಿಗೋ ಕುದುರೆಗೋ ‘ಉಮೇದು ಐತಿ’ ಅಂತೀರಾ, ಅಥವಾ ಮನುಷ್ಯರಿಗೆ ಮಾತ್ರವೇ?