ಓಮ್ನಿಗೆ ಮನೆಯಲ್ಲೇ ಪೈಂಟ್ ಹೊಡೆಯಬೇಕು, ಗನ್ ಯಾವುದು ತಗೊಳ್ಳಲಿ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಮಾವನದ್ದೊಂದು ಹಳೆ ಬಿಳಿ ಓಮ್ನಿ ಈಗ ನನ್ನ ಪಾಲಿಗೆ ಬಂದಿದೆ. ಇಂಜಿನ್ ಗಟ್ಟಿ ಉಂಟು, ಬಾಡಿ ಮಾತ್ರ ಕೇಳಬೇಡಿ. ಜಾರುವ ಬಾಗಿಲಿನ ಅಡಿ, ಹಿಂದಿನ ಚಕ್ರದ ಮೇಲೆ, ವೈಪರ್ ಕೆಳಗೆ, ಎಲ್ಲ ಕಡೆ ತುಕ್ಕಿನ ಗುಳ್ಳೆ. ಟಿಂಕರಿಂಗ್ ಪಕ್ಕದ ಮನೆಯ ಅಣ್ಣ ಮಾಡಿಕೊಡುತ್ತಾರೆ. ಪೈಂಟ್ ನಾನೇ ಹೊಡೆಯೋಣ ಅಂತ. ಆಟಿ ತಿಂಗಳು, ತೋಟದಲ್ಲಿ ಕೆಲಸ ಕಡಿಮೆ, ಸುಮ್ನೆ ಕೂತು ಏನು ಮಾಡುವುದು?

ಭಾವ ಪಂಕ್ಚರ್ ಅಂಗಡಿ ಮುಚ್ಚಿದಾಗ ತಂದಿಟ್ಟ 1 ಎಚ್‌ಪಿ ಕಂಪ್ರೆಸರ್ ಮನೆಯಲ್ಲಿದೆ, 50 ಲೀಟರ್ ಟ್ಯಾಂಕ್. ಗನ್ ಹುಡುಕಿದರೆ ತಲೆ ತಿರುಗುತ್ತದೆ. ಎಚ್‌ವಿಎಲ್‌ಪಿ, ಎಲ್‌ವಿಎಲ್‌ಪಿ, ಕಪ್ ಮೇಲಿರುವುದು, ಕಪ್ ಕೆಳಗಿರುವುದು, 1.3, 1.4, 1.7... ಯಾವುದು? ಪೈಂಟ್ ವಿಷಯದಲ್ಲೂ ಹಾಗೇ. ಒಂದು ಅಂಗಡಿಯವರು ಎನ್‌ಸಿ (ಬೇಗ ಆರುವ ನೈಟ್ರೋಸೆಲ್ಯುಲೋಸ್ ಪೈಂಟ್) ಸಾಕು ಅಂತಾರೆ, ಇನ್ನೊಬ್ಬರು ಪಿಯು (ಪಾಲಿಯುರಿಥೇನ್ ಪೈಂಟ್) ಬಿಟ್ಟು ಬೇರೆ ಮಾತೇ ಆಡುವುದಿಲ್ಲ.

ಅಡಿಕೆಗೆ ಮದ್ದು ಬಿಟ್ಟು ಅಭ್ಯಾಸ ಉಂಟು, ಹಾಗಾಗಿ ಕೈ ಆಡುತ್ತದೆ ಅಂತ ಒಂದು ಧೈರ್ಯ. ನಗಬೇಡಿ.

ಉಪ್ಪಳ ಶೆಡ್:

ನಗುವುದಿಲ್ಲ ಮಾರಾಯ್ರೆ. ಆದರೆ ಆ ಅಭ್ಯಾಸವನ್ನು ಮೊದಲು ಮರೆಯಿರಿ. ಮದ್ದು ಬಿಡುವಾಗ ಕೈ ಬೀಸಿ ಬೀಸಿ ಹೊಡೆಯುತ್ತೇವೆ, ಕೊನೆಗೆ ತಾಗಿದರೆ ಆಯ್ತು. ಪೈಂಟ್ ಹಾಗಲ್ಲ. ಶೀಟಿನಿಂದ 6 ರಿಂದ 8 ಇಂಚು ದೂರ, ಗನ್ ನೇರ, ಮಣಿಕಟ್ಟು ತಿರುಗಿಸಬಾರದು, ತೋಳೇ ಸರಿಯಬೇಕು. ಕೈ ಬೀಸಿದರೆ ಮಧ್ಯದಲ್ಲಿ ದಪ್ಪ, ಎರಡು ತುದಿಯಲ್ಲಿ ಬರೀ ಧೂಳು. ಒಂದು ಪಟ್ಟಿಯ ಅರ್ಧದ ಮೇಲೆ ಇನ್ನೊಂದು ಪಟ್ಟಿ ಬರಬೇಕು.

ಈಗ ಗನ್. ಗನ್ ಯಾವುದು ಅಂತ ಕೇಳುವ ಮೊದಲು ಗಾಳಿ ಎಷ್ಟು ಅಂತ ಕೇಳಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಎಚ್‌ವಿಎಲ್‌ಪಿ ಅಂದರೆ ಗಾಳಿ ಜಾಸ್ತಿ, ಒತ್ತಡ ಕಮ್ಮಿ. ಗನ್ನಿನ ಮೂತಿಯಲ್ಲಿ 10 ಪಿಎಸ್‌ಐ ದಾಟುವುದಿಲ್ಲ. ಹಾಗಾಗಿ ಪೈಂಟ್ ಶೀಟಿಗೆ ಹೊಡೆದು ವಾಪಸ್ ಹಾರುವುದು ಕಮ್ಮಿ, ನೂರಕ್ಕೆ 65 ಭಾಗವಾದರೂ ಶೀಟಿಗೆ ಕೂರುತ್ತದೆ. ಹಳೆ ತರದ ಗನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಗೇ ಹೋಗುತ್ತದೆ. ಕೇಳುವುದಕ್ಕೆ ಚಂದ. ಆದರೆ ದೊಡ್ಡ ಎಚ್‌ವಿಎಲ್‌ಪಿ ಗನ್ 12 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 12 ಘನ ಅಡಿ ಹತ್ತಿರ ಗಾಳಿ ಕುಡಿಯುತ್ತದೆ. ನಿಮ್ಮ 1 ಎಚ್‌ಪಿ ಕೊಡುವುದು ಹೆಚ್ಚೆಂದರೆ 4.

ಲೆಕ್ಕ ಹಾಕಿ ನೋಡಿ. 50 ಲೀಟರ್ ಟ್ಯಾಂಕ್ 8 ಬಾರ್‌ನಿಂದ 3 ಬಾರ್‌ಗೆ ಇಳಿದರೆ ಸಿಗುವುದು 250 ಲೀಟರ್ ಗಾಳಿ, ಅಂದರೆ ಸುಮಾರು 9 ಘನ ಅಡಿ. ಗನ್ 12 ಎಳೆಯುತ್ತದೆ, ಕಂಪ್ರೆಸರ್ 4 ತುಂಬುತ್ತದೆ. ಒಂದು ನಿಮಿಷ ದಾಟಿದ ಕೂಡಲೇ ಕಥೆ ಮುಗಿಯಿತು. ಬಾಗಿಲಿನ ನಡುವೆ ನಿಲ್ಲಿಸಬೇಕು, ಕೊನೆಯ ಪಟ್ಟಿ ಕಿತ್ತಳೆ ಸಿಪ್ಪೆ ತರ ಬರುತ್ತದೆ. ಇನ್ನೊಂದು, ಕಂಪ್ರೆಸರ್ ಪ್ಲೇಟ್ ಮೇಲಿನ ಸಿಎಫ್‌ಎಂ ನಂಬಬೇಡಿ. ಜಾಸ್ತಿ ಸಲ ಅದು ಪಿಸ್ಟನ್ ಲೆಕ್ಕ, ಪೈಪಿನ ತುದಿಯಲ್ಲಿ ಅಷ್ಟು ಬರುವುದಿಲ್ಲ.

ಹಾಗಾಗಿ ನಿಮಗೆ ದಾರಿ ಎರಡು. ಎಲ್‌ವಿಎಲ್‌ಪಿ ಗನ್ (ಗಾಳಿಯೂ ಕಮ್ಮಿ, ಒತ್ತಡವೂ ಕಮ್ಮಿ), ಕಪ್ ಮೇಲಿರುವುದು, 1.3 ಎಂಎಂ ನಾಜಲ್, ಕಡಿಮೆ ಗಾಳಿಯದ್ದೇ ನೋಡಿ ತಗೊಳ್ಳಿ, ಬಾಗಿಲು ಬಾನೆಟ್ ಬಿಚ್ಚಿ ಒಂದೊಂದಾಗಿ ಹೊಡೆಯಿರಿ. ಇಲ್ಲವಾದರೆ ಎರಡು ದಿನಕ್ಕೆ 3 ಎಚ್‌ಪಿ ಕಂಪ್ರೆಸರ್ ಬಾಡಿಗೆಗೆ ತನ್ನಿ. ನನ್ನ ಶೆಡ್‌ನಲ್ಲಿ ಪ್ರೈಮರಿಗೆ ಪೈಲಟ್ ಕಂಪೆನಿಯ ಒಂದು ಗನ್, ಮೇಲಿನ ಕೋಟಿಗೆ ಅನೆಸ್ಟ್ ಇವಾಟಾ ಡಬ್ಲ್ಯೂ-71. ಪ್ರೈಮರಿಗೂ ಫಿನಿಶಿಂಗಿಗೂ ಒಂದೇ ಗನ್ ಬಳಸಬೇಡಿ. ಸರ್ಫೇಸರ್, ಅಂದರೆ ಉಜ್ಜಿ ಸಮ ಮಾಡುವ ಪ್ರೈಮರ್, ದಪ್ಪ, ಅದಕ್ಕೆ 1.7 ಬೇಕು. ಆ ಗನ್ ಅಗ್ಗದ್ದಾದರೂ ನಡೆಯುತ್ತದೆ, ಹೇಗೂ ಉಜ್ಜುವುದೇ ಅಲ್ವಾ.

ಮದ್ದಿನ ಮಾತು ಬಂತಲ್ಲ, ಒಂದು ತಮಾಷೆ ಹೇಳುತ್ತೇನೆ. ಡೆವಿಲ್ಬಿಸ್ ಅಂತ ಗನ್ ಕಂಪೆನಿ ಉಂಟು. 1888ರಲ್ಲಿ ಅಮೆರಿಕದ ಟೊಲೆಡೊದಲ್ಲಿ ಅದನ್ನು ಶುರು ಮಾಡಿದವರು ಒಬ್ಬ ಡಾಕ್ಟರ್, ರೋಗಿಗಳ ಗಂಟಲಿಗೆ ಮದ್ದು ಸಿಂಪಡಿಸುವುದಕ್ಕೆ. ಪೈಂಟ್ ಗನ್ ಆಮೇಲೆ ಅವರ ಮಗ ಮಾಡಿದ್ದು. ಆದ್ದರಿಂದ ನೀವು ಪೂರ್ತಿ ತಪ್ಪು ದಾರಿಯಲ್ಲೇನೂ ಇಲ್ಲ.

ಪೆರ್ಲ ರೈಡರ್:

ಎನ್‌ಸಿ ಬೇಡ ಅಣ್ಣ, ನಾನು ಅನುಭವಿಸಿದ್ದೇನೆ. ಬೈಕ್ ಟ್ಯಾಂಕಿಗೆ ಕಪ್ಪು ಎನ್‌ಸಿ ಹೊಡೆದೆ, ನಿಮ್ಮ ಹಾಗೇ ಆಟಿಯಲ್ಲಿ. ಹೊರಗೆ ಧಾರಾಕಾರ ಮಳೆ. ಹೊಡೆಯುವಾಗ ಕನ್ನಡಿ ತರ ಇತ್ತು, ಐದು ನಿಮಿಷ ಬಿಟ್ಟು ನೋಡಿದರೆ ಟ್ಯಾಂಕ್ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ. ತಿನ್ನರ್ ಬೇಗ ಆರುವಾಗ ಶೀಟು ತಣ್ಣಗಾಗುತ್ತದಂತೆ, ಗಾಳಿಯ ನೀರು ಅಲ್ಲೇ ಕೂರುತ್ತದೆ. ನಿಧಾನಕ್ಕೆ ಆರುವ ತಿನ್ನರ್ ಹಾಕಿ ಮತ್ತೆ ಹೊಡೆದು ಸರಿ ಮಾಡಿದೆ. ಆದರೆ ಮೂರು ತಿಂಗಳಲ್ಲಿ ಪೆಟ್ರೋಲ್ ಚೆಲ್ಲಿದ ಕಡೆಯೆಲ್ಲ ಹೊಳಪು ಹೋಯಿತು. ಈಗ 2ಕೆ ಪಿಯು, ಅಂದರೆ ಗಟ್ಟಿಯಾಗುವುದಕ್ಕೆ ಹಾರ್ಡನರ್ ಬೆರೆಸುವ ಪಿಯು, ಹೊಡೆದಿದ್ದೇನೆ, ಪೆಟ್ರೋಲ್ ಬಿದ್ದರೆ ಒರೆಸಿದರೆ ಆಯ್ತು.

ಉಪ್ಪಳ ಶೆಡ್:

ಹೌದು, ಪಿಯು ತಗೊಳ್ಳಿ. ನಿಮ್ಮದು ಬಿಳಿ ಆದ್ದರಿಂದ ಇನ್ನೂ ಸುಲಭ. ಸಿಲ್ವರ್ ಆಗಿದ್ದರೆ ಬೇಸ್ ಕೋಟ್, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್, ಕೈ ಸ್ವಲ್ಪ ತಪ್ಪಿದರೂ ಮೋಡ ಮೋಡ ಕಾಣುತ್ತದೆ. ಬಿಳಿಗೆ ಹಾರ್ಡನರ್ ಬೆರೆಸಿ ನೇರ ಹೊಡೆಯುವ 2ಕೆ ಸಿಗುತ್ತದೆ, ಕ್ಲಿಯರ್ ಬೇಡ. ಎಷ್ಟಕ್ಕೆ ಎಷ್ಟು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಅಂದಾಜಿಗೆ ಸುರಿಯಬೇಡಿ. ಹಾರ್ಡನರ್ ಡಬ್ಬಿ ತೆಗೆದ ಕೂಡಲೇ ಮುಚ್ಚಿ. ನಮ್ಮ ಮಳೆಗಾಲದ ಗಾಳಿ ಹೋದರೆ ಒಳಗೇ ಜೆಲ್ಲಿ ಆಗುತ್ತದೆ. ಬೆರೆಸಿದ ಪೈಂಟ್ ಗನ್‌ನಲ್ಲಿ ಬಿಟ್ಟು ಊಟಕ್ಕೆ ಹೋಗಿ ಮಲಗಿದರೆ ಗನ್ ಗುಜರಿಗೆ.

ತುಕ್ಕು ಉಜ್ಜಿ ಬರೀ ಕಬ್ಬಿಣ ಕಂಡ ಕಡೆ ಮೊದಲು ಎಪಾಕ್ಸಿ ಪ್ರೈಮರ್. ಸಮುದ್ರದ ಉಪ್ಪುಗಾಳಿಯ ಊರು ನಮ್ಮದು, ಅದನ್ನು ಬಿಟ್ಟರೆ ಎರಡೇ ಮಳೆಗೆ ಗುಳ್ಳೆ ವಾಪಸ್. ಬಣ್ಣದ ಕೋಡ್ ಗಾಡಿಯ ಪ್ಲೇಟ್‌ನಲ್ಲಿ ನೋಡಿ, ಸುಪೀರಿಯರ್ ವೈಟ್ ಆದರೆ 26ಯು. ಆದರೆ ಹಳೆ ಬಿಳಿ ಬಿಸಿಲಿಗೆ ಹಳದಿ ತಿರುಗಿರುತ್ತದೆ, ಅರ್ಧ ಗಾಡಿ ಹೊಡೆದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಹೊಡೆದರೆ ಪೂರ್ತಿ ಹೊಡೆಯಿರಿ. ಬೇರೆ ಬಣ್ಣದ ಆಸೆ ಇದ್ದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಅದು ನೆನಪಿರಲಿ.

ಹೊಸಂಗಡಿಯಿಂದ:

ಪಿಯು ಪಿಯು ಅಂತ ಎಲ್ಲರೂ ಹೇಳಿದಿರಿ, ಮಾಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ದೇಹಕ್ಕೆ ಹಿಡಿಸದೆ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ಉಬ್ಬಸ. ನಮ್ಮ ಅಣ್ಣನಿಗೆ ಹಾಗೇ ಆಗಿ ಪೈಂಟಿಂಗ್ ಬಿಟ್ಟು ಈಗ ತೋಟ ನೋಡಿಕೊಳ್ಳುತ್ತಿದ್ದಾನೆ. ವಾಸನೆ ಬರಲಿಲ್ಲ ಅಂದರೆ ಏನೂ ಇಲ್ಲ ಅಂತ ಅಲ್ಲ, ಅದು ವಾಸನೆ ಬರುವ ಮೊದಲೇ ಹಾಳು ಮಾಡುತ್ತದೆ. ಕೊರೊನಾ ಕಾಲದ ಮಾಸ್ಕ್, ಬೈರಾಸು ಕಟ್ಟಿಕೊಳ್ಳುವುದು, ಇದೆಲ್ಲ ಲೆಕ್ಕಕ್ಕಿಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕ್ ಆದರೆ ಒಳ್ಳೆಯದು. ಅದಾಗದಿದ್ದರೆ ಸಾವಯವ ಆವಿ ತಡೆಯುವ ಎರಡು ಕಾರ್ಟ್ರಿಜ್‌ನ ಮಾಸ್ಕ್, ಹೊಸ ಕಾರ್ಟ್ರಿಜ್, ಮುಖಕ್ಕೆ ಸರಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಮಕ್ಕಳು ಅಂಗಳದಲ್ಲಿ ಆಡುವಾಗ ಹೊಡೆಯಲೇಬೇಡಿ.

ಕುಂಬಳೆ 14:

ನನ್ನದೊಂದು ಸೇರಿಸುತ್ತೇನೆ. ಕಾರಿನ ಬಾಗಿಲಿಗೆ ಎಲ್ಲ ಸರಿ ಮಾಡಿ ಪೈಂಟ್ ಹೊಡೆದೆ, ನೋಡ್ತಾ ನೋಡ್ತಾ ಸಾಸಿವೆ ಕಾಳಿನಷ್ಟು ಗುಂಡಿ, ಒಂದಲ್ಲ, ನೂರಾರು. ಮೂರು ಸಲ ಉಜ್ಜಿ ಹೊಡೆದರೂ ಅದೇ. ಗನ್ನಿಗೆ ಬೈದೆ, ತಿನ್ನರಿಗೆ ಬೈದೆ. ಕೊನೆಗೆ ಗೊತ್ತಾಯಿತು, ಒರೆಸಿದ ಬಟ್ಟೆ ಅಮ್ಮನ ಹಳೆ ಸೀರೆಯ ತುಂಡು, ಅದರಲ್ಲೇ ಯಾರೋ ತೆಂಗಿನೆಣ್ಣೆ ಕೈ ಒರೆಸಿದ್ದರು. ಡ್ಯಾಶ್‌ಬೋರ್ಡಿನ ಸಿಲಿಕಾನ್ ಪಾಲಿಶ್ ಇದಕ್ಕಿಂತ ಕೆಟ್ಟದು. ಜಿಡ್ಡು ತೆಗೆಯುವ ದ್ರಾವಣ ಬೇರೆ ಸಿಗುತ್ತದೆ, ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದರಲ್ಲಿ ಒರೆಸಿ. ತಲೆಗೆ ಎಣ್ಣೆ ಹಾಕಿಕೊಂಡು ಶೆಡ್ಡಿಗೆ ಹೋಗಬೇಡಿ, ನಿಜ ಹೇಳುತ್ತಿದ್ದೇನೆ.

ಬದಿಯಡ್ಕದವ:

ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಉಪಕಾರ. ಇದನ್ನು ಓದಿ ಹೋಗಿ ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದೆ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕಟ್ಟನ್ ಚಾಯದ ಬಣ್ಣದ ನೀರು. ಒಂದು ಚೊಂಬು ತುಂಬಿತು! ಭಾವ ಅದನ್ನು ತೆಗೆದೇ ಇರಲಿಲ್ಲ ಅಂತ ಕಾಣುತ್ತದೆ. ಕಂಪ್ರೆಸರ್ ಬಾಯಿಗೇ ಒಂದು ವಾಟರ್ ಫಿಲ್ಟರ್ ಹಾಕಿದರೆ ಸಾಕಾ?

ಉಪ್ಪಳ ಶೆಡ್:

ಬಾಯಿಗೇ ಹಾಕಿದರೆ ಸುಮ್ನೆ ದುಡ್ಡು ದಂಡ. ಅಲ್ಲಿ ಗಾಳಿ ಬಿಸಿ ಇರುತ್ತದೆ, ನೀರು ಆವಿಯಾಗಿ ಫಿಲ್ಟರ್ ದಾಟಿ ಹೋಗಿ ತಣ್ಣಗಿನ ಪೈಪಿನಲ್ಲಿ ಹನಿಯಾಗುತ್ತದೆ, ಗನ್ನಿಂದ ನಿಮ್ಮ ಬಾನೆಟ್ ಮೇಲೆ ಉಗಿಯುತ್ತದೆ. 20, 25 ಅಡಿ ಪೈಪ್ ಎಳೆದು, ಗಾಳಿ ತಣ್ಣಗಾದ ಮೇಲೆ ಫಿಲ್ಟರ್ ಹಾಕಿ. ಜಾಗ ಇಲ್ಲದಿದ್ದರೆ ತಾಮ್ರದ ಪೈಪ್ ಸುರುಳಿ ಸುತ್ತಿ ತಣ್ಣೀರಿನ ಬಕೆಟ್‌ನಲ್ಲಿ ಮುಳುಗಿಸಿ, ಅದು ದಾಟಿದ ಮೇಲೆ ಫಿಲ್ಟರ್. ನಾನು ಶುರುವಿನಲ್ಲಿ ಹಾಗೇ ಮಾಡಿದ್ದು.

ಮತ್ತೆ ಆಟಿಯಲ್ಲೇ ಮುಗಿಸುವ ಹಠ ಬೇಡ. ಈಗ ಟಿಂಕರಿಂಗ್, ಪುಟ್ಟಿ, ಎಪಾಕ್ಸಿ ಮುಗಿಸಿ. ಅದೂ ಮಳೆ ಹೊಳವಾದ ದಿನ ನೋಡಿ. ಮೇಲಿನ ಕೋಟ್ ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ. ಅಲ್ಲಿಯವರೆಗೆ ಗುಜರಿಯಿಂದ ಹಳೆ ಫ್ರಿಡ್ಜ್ ಬಾಗಿಲು ಒಂದು ತಂದು, ನಿಲ್ಲಿಸಿ ಹೊಡೆದು ಅಭ್ಯಾಸ ಮಾಡಿ. ಮಲಗಿಸಿ ಹೊಡೆದರೆ ಪೈಂಟ್ ಇಳಿಯುವುದು ಗೊತ್ತೇ ಆಗುವುದಿಲ್ಲ. ಫೋಟೋ ಹಾಕಿ, ನೋಡುವ.