110 ಸಿಸಿ ಎಟಿವಿ: ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ನಿಲ್ಲುತ್ತಿಲ್ಲ, ಕಾಯಿಲ್ ಹೋಗಿದೆಯಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ಹೋಮ್‌ಸ್ಟೇಯಲ್ಲಿ ಗೆಸ್ಟ್‌ಗಳಿಗೆ ತೋಟದೊಳಗೆ ಒಂದು ರೌಂಡ್ ಹೊಡೆಯಲು ಅಂತ ಚಿಕ್ಕ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್) ಇಟ್ಟುಕೊಂಡಿದ್ದೇವೆ. 110 ಸಿಸಿ, ಚೀನಾ ಇಂಜಿನ್, ಆಟೋ ಕ್ಲಚ್. ಸೆಲ್ಫ್ ಮಾತ್ರ, ಕಿಕ್ಕರ್ ಇಲ್ಲ. ಮಳೆಗಾಲ ಮುಗಿದಾಗಿನಿಂದ ಇದೇ ಗೋಳು. ಬೆಳಿಗ್ಗೆ ಬಟನ್ ಒತ್ತಿದರೆ ರಿಲೇ ಕಟ್ ಕಟ್ ಅನ್ನುತ್ತದೆ, ಸೆಲ್ಫ್ ತಿರುಗುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಆಟೋ ಗಾಡಿ, ಅದೂ ಆಗಲ್ಲ. ಪ್ರತಿ ಸಲ ಜೀಪ್ ತಂದು ಪಕ್ಕಕ್ಕೆ ನಿಲ್ಲಿಸಿ ಕೇಬಲ್ ಕೊಡಬೇಕು. ಒಮ್ಮೆ ಸ್ಟಾರ್ಟ್ ಆದರೆ ಇಂಜಿನ್ ಮಾತ್ರ ಚೆನ್ನಾಗೇ ಓಡುತ್ತದೆ.

ಬ್ಯಾಟರಿ ಹೊಸದು. ಸೀಲ್ಡ್, 12 ವೋಲ್ಟ್ 5 ಎಎಚ್, ಸ್ಕೂಟರ್‌ಗೆ ಹಾಕುವ ತರದ್ದು. ಗ್ಯಾರೇಜಿನವರು ನೋಡಿ "ಕಾಯಿಲ್ ಪ್ಲೇಟ್ ಹೋಗಿದೆ, ಮ್ಯಾಗ್ನೆಟ್ ಸಮೇತ ಸೆಟ್ ಬದಲಾಯಿಸಬೇಕು, ಆನ್‌ಲೈನಲ್ಲಿ ತರಿಸಿ" ಅಂದರು. ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗವಂತೆ ಅದು. ಮೀಟರ್ ಹಿಡಿದು ನೋಡಲೇ ಇಲ್ಲ. ನಾನೇ ಒಂದು ಮಲ್ಟಿಮೀಟರ್ ತಂದು ನೋಡಿದೆ: ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.1, ಐಡಲ್‌ನಲ್ಲಿ 12.2, ರೇಸ್ ಮಾಡಿದರೆ 12.6ಕ್ಕಿಂತ ಮೇಲೆ ಹೋಗಲ್ಲ. ಲೈಟ್ ಹಾಕಿದರೆ 11.9ಕ್ಕೆ ಇಳಿಯುತ್ತದೆ. ಕಾಯಿಲ್ಲೋ, ಆರ್‌ಆರ್ ಯೂನಿಟ್ಟೋ (ಕಾಯಿಲ್ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್), ಅಥವಾ ಬ್ಯಾಟರಿಯೇ ಡೂಪ್ಲಿಕೇಟೋ? ಸುಮ್ನೆ ದುಡ್ಡು ಸುರಿಯುವ ಮೊದಲು ಕೇಳೋಣ ಅಂತ.

ಹಳೇ ಸ್ಪ್ಯಾನರ್:
ಏನೂ ತರಿಸಬೇಡಿ ಸರ್, ಸದ್ಯಕ್ಕೆ. ಬ್ಯಾಟರಿ ಹೊರಗೆ ತೆಗೆದು ಚಾರ್ಜರ್‌ಗೆ ಹಾಕಿ. ಕಾರಿನ ದೊಡ್ಡ ಚಾರ್ಜರ್ ಬೇಡ, ಬೈಕಿನದ್ದು ಸಾಕು. 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್‌ನಲ್ಲಿ ನಿಧಾನವಾಗಿ ಕೊಡಬೇಕು. ಪೂರ್ತಿ ಆದ ಮೇಲೆ ಚಾರ್ಜರ್ ಬಿಚ್ಚಿ ಒಂದು ರಾತ್ರಿ ಹಾಗೇ ಬಿಟ್ಟು ನೋಡಿ, 12.7 ಆಸುಪಾಸು ನಿಂತರೆ ಬ್ಯಾಟರಿ ಸರಿ ಇದೆ. 12.1 ಅಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಅಂಥ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಟೆಸ್ಟ್ ಮಾಡಿದರೆ ಕಾಯಿಲ್ ಚೆನ್ನಾಗಿದ್ದರೂ ವೋಲ್ಟೇಜ್ ಏರುವುದಿಲ್ಲ, ಹಸಿದ ಬ್ಯಾಟರಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಚಾರ್ಜ್ ಮಾಡಿ ಹಾಕಿದ ಮೇಲೆ ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ನೋಡಲಿ, 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ.

ಇನ್ನೊಂದು, ನಿಮ್ಮ ಗಾಡಿ ಓಡುವ ರೀತಿಯೇ ಬ್ಯಾಟರಿಗೆ ಶತ್ರು. ಗೆಸ್ಟ್ ಒಂದು ರೌಂಡ್ ಹೊಡೆಯುತ್ತಾರೆ, ಆಫ್ ಮಾಡಿ ಫೋಟೋ ತೆಗೆಯುತ್ತಾರೆ, ಮತ್ತೆ ಸೆಲ್ಫ್. ಒಂದು ಲೆಕ್ಕ ಹೇಳುತ್ತೇನೆ. ಸೆಲ್ಫ್ ಮೋಟರ್ 50 ಆಂಪ್ ಎಳೆಯುತ್ತದೆ ಅಂತಲೇ ಇಟ್ಟುಕೊಳ್ಳಿ, 5 ಸೆಕೆಂಡ್ ಒತ್ತಿದರೆ ಹೋದ ಕರೆಂಟನ್ನು ಅರ್ಧ ಆಂಪ್ ಲೆಕ್ಕದಲ್ಲಿ ವಾಪಸ್ ತುಂಬಲು 8 ನಿಮಿಷಕ್ಕೂ ಮೇಲೆ ಗಾಡಿ ಒಳ್ಳೇ ರೇಸ್‌ನಲ್ಲಿ ಓಡಬೇಕು. ಐಡಲ್‌ನಲ್ಲಿ ನಿಲ್ಲಿಸಿಟ್ಟ ಸಮಯ ಲೆಕ್ಕಕ್ಕಿಲ್ಲ, ಅಲ್ಲಿ ಈ ಸಣ್ಣ ಮ್ಯಾಗ್ನೆಟ್‌ಗಳು ಕೊಡುವುದು ತೀರಾ ಕಡಿಮೆ.

ಎಕ್ಸ್‌ಟ್ರಾ ಲೈಟ್ ಏನಾದರೂ ಹಾಕಿಸಿದ್ದೀರಾ? ಇಂಜಿನ್ ಆಫ್ ಇದ್ದಾಗ ಹೆಡ್‌ಲೈಟ್ ಉರಿಯುತ್ತದಾ? ಹಳೇ ಸ್ಪ್ಲೆಂಡರ್‌ಗಳಲ್ಲಿ ಇಂಜಿನ್ ಓಡಿದರೆ ಮಾತ್ರ ಉರಿಯುತ್ತಿತ್ತು, ಕಾಯಿಲ್ಲಿಂದ ನೇರ ಹೋಗುತ್ತಿತ್ತು. ಆಫ್ ಇದ್ದಾಗಲೂ ಉರಿದರೆ ಆ ಲೋಡ್ ಪೂರ್ತಿ ಬ್ಯಾಟರಿ ತಲೆ ಮೇಲೆ.

ಬುಲೆಟ್ ಶಿವಮೊಗ್ಗ:
ಇಷ್ಟೆಲ್ಲಾ ಯಾಕೆ ಗುರು? ಗಾಡಿ ಸ್ಟಾರ್ಟ್ ಮಾಡು, ರೇಸ್ ಕೊಟ್ಟು ಹಿಡಿದುಕೊ, ಬ್ಯಾಟರಿ ಟರ್ಮಿನಲ್ ಬಿಚ್ಚು. ಬಂದ್ ಆದರೆ ಚಾರ್ಜಿಂಗ್ ಇಲ್ಲ, ಓಡುತ್ತಾ ಇದ್ದರೆ ಇದೆ. ನಮ್ಮೂರ ಮೆಕ್ಯಾನಿಕ್‌ಗಳೆಲ್ಲಾ ಹೀಗೇ ನೋಡುವುದು, ಎರಡು ನಿಮಿಷದ ಕೆಲಸ.

ವೈರ್‌ಮನ್ ಹಾಸನ:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬ್ಯಾಟರಿ ಇದ್ದರೆ ವೋಲ್ಟೇಜ್ ಏರದ ಹಾಗೆ ಅದು ಹಿಡಿದುಕೊಂಡಿರುತ್ತದೆ. ರೇಸ್‌ನಲ್ಲಿ ಅದನ್ನು ಬಿಚ್ಚಿದರೆ ವೋಲ್ಟೇಜ್ ಎಲ್ಲಿಗೆ ಬೇಕಾದರೂ ಹಾರಬಹುದು, ಬಲ್ಬು, ಎಲ್ಇಡಿ, ಆರ್‌ಆರ್ ಯೂನಿಟ್ ಯಾವುದು ಬೇಕಾದರೂ ಸುಟ್ಟೀತು. ಜೊತೆಗೆ ಈ ಟೆಸ್ಟ್‌ನಿಂದ ಗೊತ್ತಾಗುವುದೂ ಏನಿಲ್ಲ. ಈ 110 ಗಾಡಿಗಳಲ್ಲಿ ಹೆಚ್ಚಿನವು ಎಸಿ ಸಿಡಿಐ, ಅಂದರೆ ಸ್ಪಾರ್ಕ್ ಕೊಡಲು ಬ್ಯಾಟರಿ ಬೇಕಿಲ್ಲದ ನಮೂನೆ. ಸ್ಪಾರ್ಕ್‌ಗೆ ಮ್ಯಾಗ್ನೆಟ್ ಪ್ಲೇಟ್‌ನಲ್ಲಿ ಬೇರೆಯೇ ಕಾಯಿಲ್ ಇರುತ್ತದೆ. ಚಾರ್ಜಿಂಗ್ ಸೊನ್ನೆ ಆಗಿದ್ದರೂ ಇಂಜಿನ್ ಓಡುತ್ತಲೇ ಇರುತ್ತದೆ. ಮೂಡಿಗೆರೆಯವರು ಹೇಳಿದ್ದೂ ಅದೇ ಅಲ್ವಾ, ಸ್ಟಾರ್ಟ್ ಆದರೆ ಚೆನ್ನಾಗಿ ಓಡುತ್ತದೆ ಅಂತ.

ಕಾಯಿಲ್ ನೋಡುವುದು ಹೀಗೆ. ಆರ್‌ಆರ್ ಯೂನಿಟ್ ಅಂದರೆ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ಡಬ್ಬಿ, ನಿಮ್ಮದರಲ್ಲಿ ನಾಲ್ಕು ವೈರ್ ಇರಬಹುದು: ಬಿಳಿ ಚಾರ್ಜಿಂಗ್ ಕಾಯಿಲ್‌ನದು, ಹಳದಿ ಲೈಟಿನದು, ಹಸಿರು ಅರ್ತ್, ಕೆಂಪು ಬ್ಯಾಟರಿಗೆ. ಹೋಂಡಾದ ಹಳೇ ಬಣ್ಣಗಳೇ, ಚೀನಾದವರು ಹಾಗೇ ಇಟ್ಟುಕೊಂಡಿದ್ದಾರೆ. ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಇಂಜಿನ್ ಕಡೆಯಿಂದ ಬರುವ ಬಿಳಿಗೆ ಒಂದು ಕಡ್ಡಿ, ಇಂಜಿನ್ ಬಾಡಿಗೆ ಒಂದು ಕಡ್ಡಿ ಇಟ್ಟು ಸ್ಟಾರ್ಟ್ ಮಾಡಿ. ಇಷ್ಟೇ ಬರಬೇಕು ಅಂತಿಲ್ಲ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಆದರೆ ಐಡಲ್‌ನಲ್ಲೇ ಹತ್ತು ಹದಿನೈದು ದಾಟಿ, ರೇಸ್ ಏರಿಸಿದ ಹಾಗೆ ಅದರ ಜೊತೆಗೇ ಏರುತ್ತಾ ಹೋಗಬೇಕು. ಏರದೆ ಅಲ್ಲೇ ನಿಂತರೆ ಆಮೇಲೆ ಕಾಯಿಲ್ ಮಾತು.

ಒಂದು ಎಚ್ಚರಿಕೆ. ಕೆಲವರು ಮೀಟರನ್ನು ಬೀಪ್‌ಗೆ ಹಾಕಿ ಬಿಳಿ ವೈರ್‌ಗೂ ಬಾಡಿಗೂ ಮುಟ್ಟಿಸಿ, ಬೀಪ್ ಬಂತು, ಕಾಯಿಲ್ ಶಾರ್ಟ್ ಅಂದುಬಿಡುತ್ತಾರೆ. ಈ ನಮೂನೆಯಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯವರೇ ಅರ್ತ್ ಮಾಡಿರುತ್ತಾರೆ, ಬೀಪ್ ಬರಲೇಬೇಕು. ಎರಡು ಅಥವಾ ಮೂರು ಹಳದಿ ವೈರ್ ಬರುವ, ಕಾಯಿಲ್‌ನ ಯಾವ ತುದಿಯೂ ಬಾಡಿಗೆ ಸೇರದ ಫುಲ್ ವೇವ್ ಗಾಡಿಗಳಲ್ಲಿ ಮಾತ್ರ ಬಾಡಿಗೆ ಬೀಪ್ ಬಂದರೆ ಕಾಯಿಲ್ ಕೆಟ್ಟಿದೆ ಅಂತ ಅರ್ಥ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಒಳ್ಳೇ ಕಾಯಿಲ್‌ಗಳು ಗುಜರಿಗೆ ಹೋಗಿವೆಯೋ ದೇವರೇ ಬಲ್ಲ.

ಕಾಯಿಲ್ ಸರಿ ಇದ್ದರೆ ಕಪ್ಲರ್ ವಾಪಸ್ ಹಾಕಿ, ಡಿಸಿ ವೋಲ್ಟ್‌ನಲ್ಲಿ ಎರಡು ಜಾಗ ಅಳೆಯಿರಿ. ಒಂದು ಆರ್‌ಆರ್ ಹತ್ತಿರ ಕೆಂಪು–ಹಸಿರು, ಇನ್ನೊಂದು ಬ್ಯಾಟರಿ ಟರ್ಮಿನಲ್. ಎರಡೂ ಒಂದೇ ರೇಸ್‌ನಲ್ಲಿ.

ಮೂಡಿಗೆರೆ ತೋಟ:
ತುಂಬಾ ಥ್ಯಾಂಕ್ಸ್. ಬುಲೆಟ್ ಅವರೇ ಬೇಜಾರಾಗಬೇಡಿ, ಟರ್ಮಿನಲ್ ಬಿಚ್ಚುವ ಧೈರ್ಯ ಮಾಡಲಿಲ್ಲ.

ಬ್ಯಾಟರಿ ಚಾರ್ಜ್ ಮಾಡಿ ರಾತ್ರಿ ಬಿಟ್ಟೆ, ಬೆಳಿಗ್ಗೆ 12.8. ಸೆಲ್ಫ್ ಹೊಡೆಯುವಾಗ 10.4. ಬಿಳಿ ವೈರ್‌ನಲ್ಲಿ ಎಸಿ ಐಡಲ್‌ಗೆ 19 ಇತ್ತು, ರೇಸ್ ಮಾಡಿದರೆ 50 ದಾಟಿತು. ಮಜಾ ಇರುವುದು ಇಲ್ಲಿ: ರೇಸ್‌ನಲ್ಲಿ ಆರ್‌ಆರ್ ಹತ್ತಿರ 14.3, ಅದೇ ರೇಸ್‌ನಲ್ಲಿ ಬ್ಯಾಟರಿ ಮೇಲೆ 13.0. ಮೀಟರ್ ತಪ್ಪಿರಬೇಕು ಅಂತ ಮತ್ತೆ ನೋಡಿದರೂ ಅದೇ. ಇದೆಂಗೆ?

ಹೆಡ್‌ಲೈಟ್ ಇಂಜಿನ್ ಆಫ್ ಇದ್ದಾಗಲೂ ಉರಿಯುತ್ತದೆ. ಮುಂದೆ ಒಂದು 36 ವ್ಯಾಟ್ ಎಲ್ಇಡಿ ಬಾರ್ ಇದೆ, ಸಂಜೆ ರೌಂಡ್‌ಗೆ ಅಂತ ಹಾಕಿಸಿದ್ದು. ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರ್, ಅದರಲ್ಲಿ ಸಣ್ಣ ವೋಲ್ಟ್ ಡಿಸ್‌ಪ್ಲೇ. ಅದು ಕೀ ತೆಗೆದರೂ ಉರಿಯುತ್ತಲೇ ಇರುತ್ತದೆ. ಕೆಸರು ಜಾಸ್ತಿ ಆಗುವುದರಿಂದ ಹುಡುಗರು ಪ್ರೆಶರ್ ಪಂಪ್‌ನಲ್ಲಿ ತೊಳೆಯುತ್ತಾರೆ.

ವೈರ್‌ಮನ್ ಹಾಸನ:
ಕಾಯಿಲ್ ಸರಿ, ಆರ್‌ಆರ್ ಸರಿ, ಬ್ಯಾಟರಿಯೂ ಸರಿ. ಸೆಟ್ ತರಿಸಿದ್ದರೆ ಹಾಕಿದ ಮೇಲೂ ಇದೇ ಕಥೆ ಆಗುತ್ತಿತ್ತು. ತೋಟದವರು ನೀವು, ಬೇಗ ಅರ್ಥ ಆಗುತ್ತದೆ: ಪಂಪ್‌ಹೌಸ್‌ನಲ್ಲಿ ಪ್ರೆಶರ್ ಇದೆ, ಗುಡ್ಡದ ಮೇಲೆ ಸ್ಪ್ರಿಂಕ್ಲರ್ ಜೆಟ್ ತಿರುಗಲ್ಲ ಅಂದರೆ ಮೋಟರ್ ಬಿಚ್ಚುತ್ತೀರಾ, ಲೈನ್ ನೋಡುತ್ತೀರಾ? ದಾರಿಯಲ್ಲಿ 1.3 ವೋಲ್ಟ್ ಕಳೆದುಹೋಗುತ್ತಿದೆ. ಆರ್‌ಆರ್ ಯೂನಿಟ್ ತನ್ನ ಹತ್ತಿರ 14.3 ಆಯಿತು, ಸಾಕು ಅಂತ ತಡೆಯುತ್ತದೆ, ಬ್ಯಾಟರಿಗೆ ಏನು ತಲುಪಿತು ಅನ್ನುವುದು ಅದಕ್ಕೆ ಗೊತ್ತೇ ಆಗಲ್ಲ. 13.0ರಲ್ಲಿ ಈ ಬ್ಯಾಟರಿ ಯಾವತ್ತೂ ಪೂರ್ತಿ ತುಂಬುವುದಿಲ್ಲ.

ಈಗ ಆ 1.3 ಯಾವ ಕಡೆ ಹೋಗುತ್ತಿದೆ ಅಂತ ಹಿಡಿಯಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲೇ ಇರಲಿ, ಇಂಜಿನ್ ರೇಸ್‌ನಲ್ಲಿರಲಿ. ಒಂದು ಕಡ್ಡಿ ಆರ್‌ಆರ್‌ನ ಕೆಂಪು ವೈರ್‌ಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ. ಆಮೇಲೆ ಆರ್‌ಆರ್‌ನ ಹಸಿರಿಗೂ ಬ್ಯಾಟರಿ ಮೈನಸ್‌ಗೂ. ಎರಡೂ ಕಡೆ 0.2 ಒಳಗೆ ಇರಬೇಕು. ಜಾಸ್ತಿ ತೋರಿಸಿದ ಕಡೆ ಕೂತು ಹುಡುಕಿ. ಫ್ಯೂಸ್ ಹೋಲ್ಡರ್, ಕಪ್ಲರ್ ಪಿನ್, ಅರ್ತ್ ಬೋಲ್ಟ್, ಇವು ಮೂರೇ ಜಾಗ.

ಹಳೇ ಸ್ಪ್ಯಾನರ್:
ನಾನು ಅರ್ತ್ ಕಡೆಗೇ ಬೆಟ್ ಕಟ್ಟುತ್ತೇನೆ. ಈ ಗಾಡಿಗಳಲ್ಲಿ ಚಾಸಿಗೆ ದಪ್ಪ ಪೌಡರ್ ಕೋಟ್ ಹೊಡೆದು, ಅದರ ಮೇಲೆಯೇ ಅರ್ತ್ ಬೋಲ್ಟ್ ಬಿಗಿದಿರುತ್ತಾರೆ. ಬೋಲ್ಟಿನ ಮರೆಯ (ಥ್ರೆಡ್) ಮೂಲಕ ಅಷ್ಟೋ ಇಷ್ಟೋ ಕರೆಂಟ್ ಹೋಗುತ್ತಿರುತ್ತದೆ, ಒಂದು ಮಳೆಗಾಲ ಕಳೆದರೆ ಮರೆಗೂ ತುಕ್ಕು. ಪ್ರೆಶರ್ ವಾಶ್ ಬೇರೆ ಕೇಳಬೇಕೇ! ಕಪ್ಲರ್ ಒಳಗೆ ನೀರು ಹೊಡೆದರೆ ಅಲ್ಲೇ ಕೂತು ಪಿನ್ ಹಸಿರಾಗುತ್ತದೆ. ಸೀಟ್ ಕೆಳಗೆ, ಆರ್‌ಆರ್ ಹತ್ತಿರ ಪಂಪ್ ತೋರಿಸಲೇಬೇಡಿ ಅಂತ ಹುಡುಗರಿಗೆ ಹೇಳಿ.

ಮತ್ತೆ ಆ ಡಿಸ್‌ಪ್ಲೇ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ವೈರ್ ಬಿಚ್ಚಿ, ಮೀಟರನ್ನು 10 ಆಂಪ್‌ಗೆ ಹಾಕಿ ಮಧ್ಯೆ ಸೇರಿಸಿ ಎಷ್ಟು ಎಳೆಯುತ್ತದೆ ನೋಡಿ. ಮೀಟರ್ ಮಧ್ಯೆ ಇರುವಾಗ ತಪ್ಪಿಯೂ ಸೆಲ್ಫ್ ಒತ್ತಬೇಡಿ, ಮೀಟರ್ ಢಮಾರ್. 20 ಮಿಲಿಆಂಪ್ ಅಂದರೂ 5 ಎಎಚ್ ಬ್ಯಾಟರಿ ಹತ್ತು ದಿನದಲ್ಲಿ ಪೂರ್ತಿ ಮಲಗುತ್ತದೆ, ಸೆಲ್ಫ್ ತಿರುಗದ ಮಟ್ಟಕ್ಕೆ ಅದರ ಅರ್ಧಕ್ಕೇ ಬರುತ್ತದೆ. ವಾರದ ದಿನಗಳಲ್ಲಿ ಗೆಸ್ಟ್ ಇಲ್ಲದೆ ಗಾಡಿ ನಿಂತಿರುತ್ತದಲ್ಲ, ಶನಿವಾರ ಬೆಳಿಗ್ಗೆ ಕಟ್ ಕಟ್.

ಬುಲೆಟ್ ಶಿವಮೊಗ್ಗ:
ಸರಿ ಬಿಡಿ, ಟರ್ಮಿನಲ್ ವಿಷಯ ಒಪ್ಪಿದೆ. ಆದರೆ ಜೀಪಿನಿಂದ ಕೇಬಲ್ ಕೊಡುವಾಗ ಜೀಪ್ ಆನ್ ಇರಬೇಕಾ ಆಫ್ ಇರಬೇಕಾ? ನಾವು ಆನ್ ಇಟ್ಟೇ ಕೊಡುವುದು.

ವೈರ್‌ಮನ್ ಹಾಸನ:
ಆಫ್. ಜೀಪಿನ ಬ್ಯಾಟರಿಯೊಂದೇ ಈ ಸಣ್ಣ ಸೆಲ್ಫ್‌ಗೆ ಧಾರಾಳ. ಜೀಪಿನ ಆಲ್ಟರ್ನೇಟರ್ ಓಡುತ್ತಿದ್ದರೆ 5 ಎಎಚ್ ಬ್ಯಾಟರಿಗೆ ಬೇಕಿಲ್ಲದಷ್ಟು ಕರೆಂಟ್ ನುಗ್ಗುತ್ತದೆ.

ಮೂಡಿಗೆರೆ ತೋಟ:
ಹಳೇ ಸ್ಪ್ಯಾನರ್ ಅವರ ಬೆಟ್ ಗೆದ್ದಿತು. ಪ್ಲಸ್ ಕಡೆ 0.4, ಅರ್ತ್ ಕಡೆ 0.9. ಸೀಟ್ ಕೆಳಗೆ ಅರ್ತ್ ಬೋಲ್ಟ್ ಬಿಚ್ಚಿದರೆ ವಾಷರ್ ಕೂತಿದ್ದ ಜಾಗದಲ್ಲಿ ಪೇಂಟ್ ಫಳಫಳ ಹೊಳೆಯುತ್ತಿತ್ತು, ಸುತ್ತ ಕೆಂಪು ತುಕ್ಕಿನ ಉಂಗುರ. ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. ಜೊತೆಗೆ ಆರ್‌ಆರ್‌ನ ಹಸಿರಿನಿಂದ ಬ್ಯಾಟರಿ ಮೈನಸ್‌ಗೆ 2.5 ಸ್ಕ್ವೇರ್ ಎಂಎಂ ವೈರ್ ನೇರ ಎಳೆದೆ. ಪ್ಲಸ್ ಕಡೆ ಫ್ಯೂಸ್ ಹೋಲ್ಡರ್‌ನ ಒಂದು ಪತ್ತಿ ಕಪ್ಪಾಗಿ, ಪ್ಲಾಸ್ಟಿಕ್ ಬಿಸಿಗೆ ಸೊಟ್ಟ ಆಗಿತ್ತು, ಬದಲಾಯಿಸಿದೆ. ಈಗ ರೇಸ್‌ನಲ್ಲಿ ಬ್ಯಾಟರಿ ಮೇಲೆ 14.1, ಐಡಲ್‌ನಲ್ಲಿ 13.1. ಡಿಸ್‌ಪ್ಲೇ 18 ಮಿಲಿಆಂಪ್ ತಿನ್ನುತ್ತಿತ್ತು, ಅದನ್ನು ಕೀ ಲೈನಿಗೆ ಕೊಟ್ಟೆ.

ಉಳಿದಿರುವುದು ಎಲ್ಇಡಿ ಬಾರ್. ಅದು ಹಾಕಿ ಐಡಲ್‌ನಲ್ಲಿ ನಿಲ್ಲಿಸಿದರೆ 12.4ಕ್ಕೆ ಬಂದು ಇನ್ನೂ ಇಳಿಯುತ್ತಾ ಹೋಗುತ್ತದೆ. ದೊಡ್ಡ ಬ್ಯಾಟರಿ ಹಾಕಲಾ?

ವೈರ್‌ಮನ್ ಹಾಸನ:
ದೊಡ್ಡ ಬ್ಯಾಟರಿ ಹಾಕಿದರೆ ಇಳಿಯುವುದು ನಿಧಾನ ಆಗುತ್ತದೆ ಅಷ್ಟೇ, ತುಂಬಿಸಲು ಇರುವುದು ಅದೇ ಕಾಯಿಲ್. 36 ವ್ಯಾಟ್ ಅಂದರೆ 3 ಆಂಪ್, ಮೇಲೆ ಹೆಡ್‌ಲೈಟ್ ಬೇರೆ. ಐಡಲ್‌ನಲ್ಲಿ ಈ ಮ್ಯಾಗ್ನೆಟ್‌ಗೆ ಅಷ್ಟು ಸಾಧ್ಯವಿಲ್ಲ. 18 ವ್ಯಾಟ್‌ನ ಬಾರ್ ಹಾಕಿ, ತೋಟದ ದಾರಿಗೆ ಅದು ಬೇಕಾದಷ್ಟಾಯಿತು. ಬಾರ್ ವೈರ್ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಮಧ್ಯೆ 5 ಆಂಪ್ ಫ್ಯೂಸ್ ಹಾಕಿ, ರಿಲೇ ಇಟ್ಟು ಕೀ ಆನ್ ಇದ್ದಾಗ ಮಾತ್ರ ಉರಿಯುವ ಹಾಗೆ ಮಾಡಿ. ಅರ್ತ್ ಬೋಲ್ಟ್ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿಬಿಡಿ.

ಹಳೇ ಸ್ಪ್ಯಾನರ್:
ಆರ್‌ಆರ್ ಯೂನಿಟ್ ಮುಂದೆ ಯಾವತ್ತಾದರೂ ಹೋದರೆ ಚೀನಾದಿಂದ ಬರಲಿ ಅಂತ ಕಾಯಬೇಡಿ. ಹಳೇ ಸ್ಪ್ಲೆಂಡರ್‌ನ ನಾಲ್ಕು ಪಿನ್ನಿನದ್ದೂ ಇದೇ ಬಿಳಿ, ಹಳದಿ, ಹಸಿರು, ಕೆಂಪು. ಆದರೆ ಕಪ್ಲರ್ ಒಳಗೆ ಪಿನ್ ಜಾಗ ಅದಲು ಬದಲು ಇರಬಹುದು, ಬಣ್ಣ ನೋಡಿ ಒಂದೊಂದೇ ವೈರ್ ಸೇರಿಸಿ, ಕಪ್ಲರ್ ಕೂತಿತು ಅಂತ ಹಾಗೇ ಒತ್ತಬೇಡಿ. ಸ್ಪ್ಲೆಂಡರ್‌ನದೇ ತಗೊಳ್ಳುವಾಗ ಹಳೇ ಮಾಡೆಲ್ ಅಂತ ಸ್ಪಷ್ಟವಾಗಿ ಹೇಳಿ. 2017ರ ಏಪ್ರಿಲ್‌ನಿಂದ ಟೂ ವೀಲರ್‌ಗೆ ಹೆಡ್‌ಲೈಟ್ ಸದಾ ಉರಿಯಬೇಕು ಅಂತ ರೂಲ್ ಬಂದ ಮೇಲೆ ಬಹಳ ಗಾಡಿಗಳ ಚಾರ್ಜಿಂಗ್ ವೈರಿಂಗೇ ಬದಲಾಗಿದೆ, ಅದು ನಿಮ್ಮ ಕಾಯಿಲ್‌ಗೆ ಹೊಂದಲ್ಲ.

ಮೂಡಿಗೆರೆ ತೋಟ:
ಬರೆದಿಟ್ಟುಕೊಂಡೆ. ಈ ಕಡೆ ಬಂದರೆ ಮೆಸೇಜ್ ಹಾಕಿ, ಕಾಫಿ ನಮ್ಮದು. ಬುಲೆಟ್ ಅವರಿಗೂ ಸೇರಿಸಿ ಹೇಳುತ್ತಿದ್ದೇನೆ, ಸ್ಪ್ಯಾನರ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.